ಆಕಾಶದ ಅಲೆಗಳು ಯಾರ ಸ್ವತ್ತು?

ಹೊಲಕ್ಕೆ ಉತಾರವುಂಟು, ಕಾಲುವೆಯ ನೀರಿಗೆ ಪಾಳಿಯುಂಟು. ಕಣ್ಣಿಗೆ ಕಾಣದ ರೇಡಿಯೋ ತರಂಗಗಳಿಗೆ ಒಡೆಯರು ಯಾರು? ಇಳಕಲ್ಲಿನ ಹಳೆಯ ವಿದ್ಯಾರ್ಥಿಯೊಬ್ಬ ಕೇಳಿದ ಈ ಪ್ರಶ್ನೆಗೆ ನನಗೆ ತೋಚಿದ ಉತ್ತರವನ್ನು ಇಲ್ಲಿ ಬರೆದಿದ್ದೇನೆ.

ನಮ್ಮ ಬಾಲ್ಯದಲ್ಲಿ ರೇಡಿಯೋ ಕೇಳುವುದಕ್ಕೂ ಅಂಚೆ ಕಚೇರಿಯಲ್ಲಿ ಪ್ರತಿವರ್ಷ ಪರವಾನಗಿ ಶುಲ್ಕ ಕಟ್ಟಬೇಕಾಗಿತ್ತು. ಆ ಶುಲ್ಕ ಹೋಯಿತು. ಪ್ರಸಾರದ ಮೇಲಿನ ನಿಯಂತ್ರಣ ಉಳಿಯಿತು. ಅದು ಉಳಿಯಲೇಬೇಕು. ಮಗ್ಗದ ಹಾಸಿನಲ್ಲಿ ಎಳೆಗಳು ಒಂದರೊಡನೊಂದು ತೊಡಕಾದರೆ ಸೀರೆ ಕೆಡುತ್ತದೆ. ಒಂದೇ ಊರಿನಲ್ಲಿ ಇಬ್ಬರು ಒಂದೇ ಫ್ರೀಕ್ವೆನ್ಸಿಯಲ್ಲಿ ಪ್ರಸಾರ ಮಾಡಿದರೆ ಯಾರ ಮಾತೂ ಕೇಳಿಸದು. ಆದ್ದರಿಂದಲೇ ಜಿನೀವಾದಲ್ಲಿರುವ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ನಿಯಮಗಳಿಗೆ ಅನುಗುಣವಾಗಿ ಪ್ರತಿಯೊಂದು ದೇಶವೂ ವಿಮಾನಯಾನ, ಸೈನ್ಯ, ಮೊಬೈಲ್, ಬಾನುಲಿಗಳಿಗೆ ತರಂಗಗಳನ್ನು ಹಂಚುತ್ತದೆ.

ಹಂಚುವವನು ಒಡೆಯನಲ್ಲ. ತರಂಗಗಳು ಸಾರ್ವಜನಿಕ ಸ್ವತ್ತು ಎಂದು ಸರ್ವೋಚ್ಚ ನ್ಯಾಯಾಲಯವು 1995ರಲ್ಲಿ, ಬಂಗಾಳದ ಕ್ರಿಕೆಟ್ ಸಂಸ್ಥೆಯ ಪ್ರಕರಣದಲ್ಲಿ ಸ್ಪಷ್ಟಪಡಿಸಿತು. 2008ರಲ್ಲಿ ಮೊದಲು ಬಂದವರಿಗೆ ಮೊದಲು ಎಂಬ ಕ್ರಮದಿಂದ ಹಂಚಿದ್ದ 122 ಟೂಜಿ ಪರವಾನಗಿಗಳನ್ನು ಅದೇ ನ್ಯಾಯಾಲಯ 2012ರಲ್ಲಿ ರದ್ದುಗೊಳಿಸಿತು. 2022ರ ಫೈವ್‌ಜಿ ಹರಾಜಿನಲ್ಲಿ ಸುಮಾರು 1.5 ಲಕ್ಷ ಕೋಟಿ ರೂಪಾಯಿಗಳ ಬಿಡ್ ಬಂದಿತು. ವ್ಯಾಪಾರಕ್ಕೆ ಹರಾಜು ನ್ಯಾಯವೇ. ಆದರೆ ಊರಿನ ಕೆರೆಯನ್ನು ಪೂರ್ತಿಯಾಗಿ ಹರಾಜಿಗೆ ಇಟ್ಟರೆ ಕುಡಿಯುವ ನೀರಿಗೆ ಎಲ್ಲಿಗೆ ಹೋಗುವುದು?

ಕೋಲಾರ ಜಿಲ್ಲೆಯ ಬೂದಿಕೋಟೆಯ ಜನರು ಇದಕ್ಕೆ ಸಾಕ್ಷಿ. ಅಲ್ಲಿನ 'ನಮ್ಮ ಧ್ವನಿ' ಕೇಂದ್ರಕ್ಕೆ ಆಕಾಶದಲ್ಲಿ ಪ್ರಸಾರ ಮಾಡಲು ಅಂದಿನ ನಿಯಮ ಅವಕಾಶ ಕೊಡಲಿಲ್ಲ. ಅವರು ಕೇಬಲ್ ತಂತಿಯ ಮೂಲಕ ತಮ್ಮ ಕಾರ್ಯಕ್ರಮಗಳನ್ನು ಮನೆಮನೆಗೆ ಮುಟ್ಟಿಸಿದರು. ಸಮುದಾಯ ಬಾನುಲಿಯ ಬಾಗಿಲು 2002ರಲ್ಲಿ ವಿದ್ಯಾಸಂಸ್ಥೆಗಳಿಗೆ, 2006ರಲ್ಲಿ ಸ್ವಯಂಸೇವಾ ಸಂಸ್ಥೆಗಳಿಗೆ ತೆರೆಯಿತು. ಆದರೂ ಆ ಮಾರ್ಗಸೂಚಿ ಸ್ವಂತ ಸುದ್ದಿಯನ್ನು ಓದಲು ಬಿಡಲಿಲ್ಲ. ಪತ್ರಿಕೆಗೂ ಉಪಗ್ರಹ ವಾಹಿನಿಗೂ ಇರುವ ಈ ಸ್ವಾತಂತ್ರ್ಯ ನೂರು ವ್ಯಾಟ್‌ನ ಪುಟ್ಟ ಕೇಂದ್ರಕ್ಕೆ ಏಕಿರಬಾರದು? ದುರುಪಯೋಗದ ಭಯವಿದೆ ಎನ್ನುವರು. ತಪ್ಪು ಮಾಡಿದವರ ಪರವಾನಗಿಯನ್ನು ಕಸಿಯಲು ಕಾನೂನಿದೆ. ಅದಕ್ಕಾಗಿ ಎಲ್ಲರ ಬಾಯಿಯನ್ನೂ ಕಟ್ಟಬೇಕಿಲ್ಲ.

2019ರ ಆಗಸ್ಟ್ ತಿಂಗಳನ್ನು ನೆನೆಯಿರಿ. ನವಿಲುತೀರ್ಥ ಜಲಾಶಯದಿಂದ ಬಿಟ್ಟ ನೀರು ಮಲಪ್ರಭೆಯಲ್ಲಿ ಉಕ್ಕಿ, ಪಟ್ಟದಕಲ್ಲಿನ ಗುಡಿಗಳೂ ಬಾದಾಮಿ, ಹುನಗುಂದ ತಾಲೂಕುಗಳ ನದಿದಂಡೆಯ ಹಳ್ಳಿಗಳೂ ಜಲಾವೃತವಾದವು. ವಿದ್ಯುತ್ ಕೈಕೊಟ್ಟು ಮೊಬೈಲ್ ಗೋಪುರಗಳು ಮೂಕವಾದಾಗ, ಎರಡು ಬ್ಯಾಟರಿ ಸೆಲ್ಲುಗಳ ರೇಡಿಯೋ ಸಾಕು. ಆದರೆ ಯಾವ ಹಳ್ಳಿಯವರು ಯಾವಾಗ ಮನೆ ಬಿಡಬೇಕು, ಯಾವ ರಸ್ತೆ ಮುಚ್ಚಿದೆ ಎಂಬುದನ್ನು ಹೇಳಬಲ್ಲ ಧ್ವನಿ ಆ ಊರಿಗೆ ಹತ್ತಿರದ್ದಾಗಿರಬೇಕು.

ಆದ್ದರಿಂದ ನನ್ನ ಅಭಿಪ್ರಾಯ ಇಷ್ಟೇ: ಪ್ರತಿ ತಾಲೂಕಿಗೂ ಒಂದು ಫ್ರೀಕ್ವೆನ್ಸಿಯನ್ನು ಹರಾಜಿನ ಹೊರಗಿಟ್ಟು, ಸ್ಥಳೀಯ ಕಾಲೇಜಿಗೋ ಮಹಿಳಾ ಸಂಘಕ್ಕೋ ನೇಕಾರರ ಸಹಕಾರಿ ಸಂಘಕ್ಕೋ ಕೊಡಬೇಕು, ಊರಿನ ಸುದ್ದಿಯನ್ನು ಊರಿನವರೇ ಹೇಳಲು ಬಿಡಬೇಕು. ಇಂಜಿನಿಯರುಗಳೂ ಅಧಿಕಾರಿಗಳೂ ಆಗಿರುವ ನನ್ನ ವಿದ್ಯಾರ್ಥಿಗಳು ಇದಕ್ಕೆ ಒಪ್ಪುವಿರೋ ಇಲ್ಲವೋ, ಸಂಕೋಚವಿಲ್ಲದೆ ತಿಳಿಸಿರಿ.