ರೇಂಜ್ ಆಫೀಸಿನ ಬೀರು ತೆರೆಯಲಿ

ಹಳೆಯ ರೇಂಜ್ ಆಫೀಸುಗಳನ್ನು ಪಾರಂಪರಿಕ ಕಟ್ಟಡಗಳೆಂದು ಕಾಪಾಡಬೇಕೆಂಬ ಮಾತು ಆಗಾಗ ಕೇಳಿಬರುತ್ತದೆ. ನಮ್ಮ ವಿರೋಧವೇನೂ ಇಲ್ಲ. ಚಿರೆಕಲ್ಲಿನ ದಪ್ಪ ಗೋಡೆ, ಸುತ್ತಲೂ ಜಗಲಿ, ಕಡಿದಾಗಿ ಇಳಿದ ಮಂಗಳೂರು ಹೆಂಚಿನ ಮಾಡು, ಸಾಗುವಾನಿಯ ಬಾಗಿಲು! ಘಟ್ಟದ ಮಳೆಗೆ ಇಂದಿನ ಸಿಮೆಂಟಿನ ಪೆಟ್ಟಿಗೆಗಳಿಗಿಂತ ಇವೇ ಲೇಸು. ಮಳೆಗಾಲದಲ್ಲಿ ಸೋರುವ ಹೊಸ ಕಚೇರಿಗಳನ್ನು ಕಂಡವರು ಒಪ್ಪುತ್ತಾರೆ.

ಆದರೆ ಇವುಗಳ ಚರಿತ್ರೆಯನ್ನು ಹೇಳುವುದಾದರೆ ಪೂರ್ತಿಯಾಗಿ ಹೇಳಬೇಕು. 1862ರಲ್ಲಿ ಉತ್ತರ ಕನ್ನಡವು ಮುಂಬಯಿ ಪ್ರಾಂತ್ಯಕ್ಕೆ ಸೇರಿತು. 1878ರ ಅರಣ್ಯ ಕಾಯಿದೆಯ ಬಲದಿಂದ ಊರವರು ಬಳಸುತ್ತಿದ್ದ ಕಾಡು ಸರ್ಕಾರದ ರಿಸರ್ವ್ ಆಯಿತು. ಕುಮರಿ ಬೇಸಾಯಕ್ಕೆ ಕಡಿವಾಣ ಬಿತ್ತು. ಜಗಲಿಯ ಮೇಲೆ ಸಾಹೇಬರ ಮೇಜು, ಕೆಳಗೆ ಅಂಗಳದಲ್ಲಿ ಕೈಕಟ್ಟಿ ನಿಂತ ರೈತ. ಆ ನಾಲ್ಕು ಮೆಟ್ಟಿಲುಗಳೂ ವಾಸ್ತುಶಿಲ್ಪದ ಭಾಗವೇ. 1930ರಲ್ಲಿ ಜಿಲ್ಲೆಯ ಜನರು ಜಂಗಲ್ ಸತ್ಯಾಗ್ರಹ ಹೂಡಿದ್ದು ಸುಮ್ಮನೆ ಅಲ್ಲ.

ಆ 1930 ಇಂದು ಬೇರೊಂದು ಕಾರಣಕ್ಕೆ ಮುಖ್ಯವಾಗಿದೆ. 2006ರ ಅರಣ್ಯ ಹಕ್ಕು ಕಾಯಿದೆಯ ಪ್ರಕಾರ ಬುಡಕಟ್ಟಿನವರಲ್ಲದ ಅರಣ್ಯವಾಸಿಗಳು 2005ರ ಡಿಸೆಂಬರ್ 13ಕ್ಕೆ ಹಿಂದಿನ ಮೂರು ತಲೆಮಾರು, ಅಂದರೆ 75 ವರ್ಷ, ಕಾಡಿನಲ್ಲಿ ನೆಲೆಸಿದ್ದನ್ನು ತೋರಿಸಬೇಕು. ಲೆಕ್ಕ ಹಾಕಿದರೆ 1930ಕ್ಕೇ ಬಂದು ನಿಲ್ಲುತ್ತದೆ. ಗುಡಿಸಲಿನ ರೈತ ಅಂದಿನ ಕಾಗದವನ್ನು ಎಲ್ಲಿಂದ ತಂದಾನು? ಅಜ್ಜನಿಂದ ದಂಡ ಕಟ್ಟಿಸಿಕೊಂಡವರು, ಗುನ್ನೆ ಬರೆದವರು, ನಕಾಶೆ ತೆಗೆದವರು ಇದೇ ಹೆಂಚಿನ ಕೆಳಗೆ ಕುಳಿತಿದ್ದವರು. ಕಾಗದ ಉಳಿದಿದ್ದರೆ ಅವರ ಬೀರುವಿನಲ್ಲೇ ಉಳಿದಿರಬೇಕು! ಕಾಗದವಿಲ್ಲವೆಂದು ಅರ್ಜಿ ತಳ್ಳಿಸಿಕೊಂಡವರ ಪಾಡು ಏನೆಂಬುದು 2019ರ ಫೆಬ್ರವರಿಯಲ್ಲಿ ತಿಳಿಯಿತು. ಅಂಥವರನ್ನು ಒಕ್ಕಲೆಬ್ಬಿಸಲು ಸುಪ್ರೀಂ ಕೋರ್ಟು ಆ ತಿಂಗಳ 13ರಂದು ಆಜ್ಞೆ ಮಾಡಿತು. 28ರಂದು ತಾನೇ ತಡೆಹಿಡಿಯಿತು. ಆ ಹದಿನೈದು ದಿನ ಕಾಡಂಚಿನ ಮನೆಗಳಲ್ಲಿ ಯಾರಿಗೆ ನಿದ್ದೆ ಬಂದೀತು?

ಕಾನೂನು ಮಾತ್ರ ಸ್ಪಷ್ಟವಾಗಿದೆ. 2008ರ ನಿಯಮಗಳಂತೆ ಗ್ರಾಮಸಭೆ ಅಥವಾ ಅರಣ್ಯ ಹಕ್ಕು ಸಮಿತಿ ಬರೆದು ಕೇಳಿದರೆ ಅಧಿಕಾರಿಗಳು ದಾಖಲೆಯ ದೃಢೀಕೃತ ಪ್ರತಿ ಕೊಡಲೇಬೇಕು. ಇಂಥದೇ ಕಾಗದ ಬೇಕೆಂದು ಹಟ ಹಿಡಿಯಕೂಡದು. ಊರಿನ ಹಿರಿಯರು ಬರೆಯಿಸಿಕೊಟ್ಟ ಹೇಳಿಕೆಯೂ ಸಾಕ್ಷ್ಯ. ರೈತನ ಗುಡಿಸಲು, ಅವನು ಹಾಕಿದ ಒಡ್ಡು, ಸಮಮಾಡಿದ ಗದ್ದೆಯೂ ಸಾಕ್ಷ್ಯ. ಸಾಹೇಬರ ಕಟ್ಟಡ ಪರಂಪರೆಯಾದರೆ ರೈತನ ಮಣ್ಣುಗೋಡೆ ಅತಿಕ್ರಮಣ ಹೇಗಾದೀತು?

ಹೆಂಚು ಬದಲಿಸಲು ಹಣ ಬಿಡುಗಡೆ ಮಾಡುವ ಮೊದಲು ಸರ್ಕಾರವು ಪ್ರತಿ ರೇಂಜ್ ಆಫೀಸಿನ ಹಳೆಯ ಕಡತಗಳ ಪಟ್ಟಿ ಮಾಡಿಸಿ ಗ್ರಾಮ ಪಂಚಾಯಿತಿಗಳಲ್ಲಿ ಅಂಟಿಸಲಿ. ಅರ್ಜಿದಾರರು ಸಮಿತಿಯ ಮೂಲಕವೇ ಲಿಖಿತವಾಗಿ ಕೇಳಬೇಕು. ಪ್ರತಿ ಕೊಡಲಾಗದೆಂದರೆ ಆ ಮಾತನ್ನೇ ಹಿಂಬರಹವಾಗಿ ಬರೆಯಿಸಿಕೊಂಡು ನಮ್ಮ ಕಚೇರಿಗೆ ತರಲಿ.