ಬಟ್ಟೆ ಮಗುಚಿ ನೋಡುವವರಿಗೆ ಒಂದು ಮಾತು

ಹೊರನಾಡಿನ ನಮ್ಮ ಸಂಘಗಳ ಕೈಕೆಲಸದ ಸ್ಪರ್ಧೆಗಳಲ್ಲಿ ತೀರ್ಪುಗಾರರಾಗಿ ಕೂರುವ ಕೆಲವು ಹಿರಿಯರ ಒಂದು ಅಭ್ಯಾಸವನ್ನು ವಾಚಕರೂ ಗಮನಿಸಿರಬಹುದು. ಮಗು ಅಂಜುತ್ತ ತನ್ನ ಕಸೂತಿಯ ತುಂಡನ್ನು ಮೇಜಿನ ಮೇಲೆ ಇಟ್ಟೊಡನೆ ಅವರು ಅದರ ಮುಖವನ್ನು ನೋಡುವುದಿಲ್ಲ. ಬಟ್ಟೆಯನ್ನು ಮಗುಚಿ ಹಿಂಬದಿಯನ್ನು ನೋಡುತ್ತಾರೆ. ಅಲ್ಲಿ ದಾರದ ಸಿಕ್ಕು, ಒಂದೆರಡು ಗಂಟು, ಉದ್ದಕ್ಕೆ ಎಳೆದ ಎಳೆ ಕಂಡಿತೋ, ತುಟಿ ಕೊಂಕಿಸಿ ಪಕ್ಕಕ್ಕೆ ಸರಿಸಿಬಿಡುತ್ತಾರೆ. ಮುಂದಿನ ವರ್ಷ ಆ ಮಗು ಬರುವುದಿಲ್ಲ. ಬಂದರೂ ತಾಯಿ ರಾತ್ರಿಯೆಲ್ಲ ಕುಳಿತು ಹೊಲಿದುಕೊಟ್ಟ ಬಟ್ಟೆಯೊಡನೆ ಬರುತ್ತದೆ, ಬಹುಮಾನವನ್ನೂ ಪಡೆಯುತ್ತದೆ. ಈ ವ್ಯವಹಾರಕ್ಕೆ ನಾವು ಕಲಾಪ್ರೋತ್ಸಾಹವೆಂದು ಹೆಸರಿಟ್ಟಿದ್ದೇವೆ.

ಇದನ್ನು ವಿರೋಧಿಸಿ ಬರೆಯಬೇಕೆಂದು ಬಹುದಿನಗಳಿಂದ ಮನಸ್ಸಿನಲ್ಲಿತ್ತು. ವಿಷಯ ಕ್ಷುಲ್ಲಕವೆಂದು ಕೆಲವರಿಗೆ ತೋರೀತು. ಮನೆಬಾಡಿಗೆ, ಲೋಕಲ್ ಗಾಡಿಯ ನೂಕುನುಗ್ಗಲು, ಮುಂಬಯಿಯ ಕನ್ನಡ ಶಾಲೆಗಳ ಗತಿ, ಇಷ್ಟೆಲ್ಲ ಇರುವಾಗ ಸೂಜಿದಾರದ ಮಾತೇಕೆ ಎನ್ನುವವರು ಸ್ವಲ್ಪ ತಾಳ್ಮೆಯಿಂದ ಓದಬೇಕೆಂದು ವಿನಂತಿ. ಕನ್ನಡದ ಮಾತೂ ಇದರೊಳಗೇ ಬರುತ್ತದೆ.

ಕ್ರಾಸ್ ಸ್ಟಿಚ್ ಎಂದರೇನೆಂಬುದನ್ನು ಮನೆಯ ಗಂಡಸರಿಗಾಗಿ ಮೊದಲು ಹೇಳಿಬಿಡುತ್ತೇನೆ. ಸಮನಾದ ಚೌಕುಳಿಗಳಿರುವಂತೆ ನೇಯ್ದ ಬಟ್ಟೆಯೊಂದಿದೆ. ನಮ್ಮ ಅಂಗಡಿಗಳಲ್ಲಿ ಇದಕ್ಕೆ ಮ್ಯಾಟಿ ಬಟ್ಟೆ ಎನ್ನುತ್ತಾರೆ. ಹೊರದೇಶಗಳಲ್ಲಿ ಐಡಾ ಎಂಬ ಬಟ್ಟೆ ಪ್ರಸಿದ್ಧವಾಗಿದೆ. ಒಂದು ಚೌಕುಳಿಗೆ ಒಂದು ಗುಣಾಕಾರದ ಚಿಹ್ನೆ, ಅಷ್ಟೇ ಹೊಲಿಗೆ. ಗ್ರಾಫ್ ಕಾಗದದ ಮೇಲೆ ಚಿತ್ರವಿರುತ್ತದೆ; ಅದನ್ನು ಎಣಿಸಿ ಬಟ್ಟೆಗೆ ಇಳಿಸಬೇಕು. 14 ಕೌಂಟ್ ಎಂದರೆ ಇಂಚಿಗೆ 14 ಚೌಕುಳಿ. ಲಡಿಯ ದಾರದಲ್ಲಿ 6 ಎಳೆಗಳಿರುತ್ತವೆ; ಈ ಬಟ್ಟೆಗೆ ಅವುಗಳಲ್ಲಿ 2 ಎಳೆ ಸಾಕು. ಮೇಲಿನ ಓರೆಗೆರೆಗಳೆಲ್ಲ ಒಂದೇ ದಿಕ್ಕಿಗೆ ಬೀಳಬೇಕು, ಎಣಿಕೆ ತಪ್ಪಬಾರದು. ವ್ಯಾಕರಣವೆಲ್ಲ ಇಷ್ಟೇ. ಎಂಟು ವರ್ಷದ ಮಗುವಿಗೆ ಅರ್ಧ ಗಂಟೆಯಲ್ಲಿ ಹೇಳಿಕೊಡಬಹುದು.

ಆದರೆ ತಿಳಿಯುವುದು ಬೇರೆ, ಕೈಗೆ ಬರುವುದು ಬೇರೆ. ಮೊದಲ ಬಟ್ಟೆಯಲ್ಲಿ ಓರೆಗೆರೆ ನಡುನಡುವೆ ದಿಕ್ಕು ಬದಲಿಸುತ್ತದೆ. ಎಲ್ಲೋ ಒಂದು ಚೌಕುಳಿ ಹಾರಿಹೋಗುತ್ತದೆ. ಎಳೆಗಳು ಮುರಿಗೊಂಡು ಒಂದು ಚಿಹ್ನೆ ದಪ್ಪ, ಒಂದು ಸಪೂರ ಕಾಣುತ್ತದೆ. ಬಿಗಿಯಾಗಿ ಎಳೆದಲ್ಲಿ ಬಟ್ಟೆಯ ತೂತು ಬಾಯಿ ತೆರೆಯುತ್ತದೆ. ದಾರವನ್ನು ಒಂದು ಮೊಳಕ್ಕಿಂತ ಉದ್ದ ಕತ್ತರಿಸಿಕೊಂಡರಂತೂ ಅರ್ಧಕ್ಕೆ ಬರುವಷ್ಟರಲ್ಲಿ ಅದು ನವಿರೆದ್ದು ಬಣ್ಣಗೆಡುತ್ತದೆ. ಇವೆಲ್ಲ ಎಲ್ಲರಿಗೂ ಆಗುವಂಥವು. ನೂರು ಸಾಲು ಹೊಲಿದ ಮೇಲೆ, ಯಾರೂ ಬೈಯದೆ ಹೋದರೂ, ತಾವಾಗಿಯೇ ಕಡಿಮೆಯಾಗುತ್ತವೆ. ಆ ನೂರು ಸಾಲು ಹೊಲಿಯುವವರೆಗೆ ಮಗುವಿನ ಉತ್ಸಾಹ ಉಳಿಯುತ್ತದೆಯೇ ಎಂಬುದೊಂದೇ ಪ್ರಶ್ನೆ.

ಇಲ್ಲಿ ನನಗೆ ಎದುರಾಗುವ ದೊಡ್ಡ ಆಕ್ಷೇಪಣೆ ನಮ್ಮ ಧಾರವಾಡದ ಕಡೆಯದೇ. "ನಮ್ಮ ಕಸೂತಿಯಲ್ಲಿ ಗಂಟು ಹಾಕೂದಿಲ್ಲ. ಮುಂದಿನ ಬಾಜೂ ಹಿಂದಿನ ಬಾಜೂ ಒಂದೇ ಇರಬೇಕು. ಅದಕ್ಕ ನಾವು ತಿರುವಿ ನೋಡತೀವಿ" ಎನ್ನುತ್ತಾರೆ. ಮಾತು ಕೇಳಲು ಗಟ್ಟಿಯಾಗಿದೆ. ಆದರೆ ಪೂರ್ತಿ ನಿಜವಲ್ಲ. ಕಸೂತಿಯ ಹೊಲಿಗೆ ನಾಲ್ಕು ಬಗೆ: ಗವಂತಿ, ಮುರಗಿ, ನೇಗಿ, ಮೆಂಥೆ. ಗವಂತಿಯಲ್ಲಿ ಸೂಜಿ ಒಂದು ಚಿಕ್ಕೆ ಬಿಟ್ಟು ಒಂದು ಚಿಕ್ಕೆ ಹಾಕುತ್ತ ಹೋಗಿ, ಅದೇ ದಾರಿಯಲ್ಲಿ ಹಿಂದಿರುಗುತ್ತ ಬಿಟ್ಟ ಜಾಗವನ್ನು ತುಂಬುತ್ತದೆ. ಆದ್ದರಿಂದ ಎರಡು ಬದಿಯೂ ಒಂದೇ. ಮೆಟ್ಟಿಲು ಮೆಟ್ಟಿಲಾಗಿ ಸಾಗುವ ಮುರಗಿಗೂ ಇದೇ ನ್ಯಾಯ. ನೇಗಿಯ ಮಾತು ಬೇರೆ: ಹೆಸರೇ ಹೇಳುವಂತೆ ನೆಯ್ಗೆಯ ಹಾಗೆ ಕಾಣಲೆಂದು ಉದ್ದ ಗಿಡ್ಡ ಎಳೆಗಳನ್ನು ಹಾಕುವುದರಿಂದ ಹಿಂಬದಿ ಬೇರೆಯಾಗಿಯೇ ಇರುತ್ತದೆ. ಇನ್ನು ಮೆಂಥೆ ಎಂದರೆ ಮೆಂತ್ಯದ ಕಾಳಿನಂತೆ ಕಾಣುವ ಅಡ್ಡಕತ್ತರಿಯ ಹೊಲಿಗೆ, ಅಂದರೆ ಸಾಕ್ಷಾತ್ ಕ್ರಾಸ್ ಸ್ಟಿಚ್ಚೇ! ಅದಕ್ಕೂ ಎರಡು ಬದಿ ಒಂದಾಗಿರಬೇಕೆಂಬ ಕಟ್ಟಳೆಯಿಲ್ಲ. ಹೀಗಿರುವಾಗ ಗವಂತಿಯ ಕಾನೂನನ್ನು ತಂದು ಮೆಂಥೆಯ ಮೇಲೆ ಹೇರಿ, ಹತ್ತು ವರ್ಷದ ಹುಡುಗಿಯನ್ನು ಅನುತ್ತೀರ್ಣಗೊಳಿಸುವ ತೀರ್ಪುಗಾರರು ಸಂಪ್ರದಾಯವನ್ನು ಕಾಪಾಡುತ್ತಿಲ್ಲ. ಅದನ್ನು ಸರಿಯಾಗಿ ತಿಳಿದುಕೊಂಡೂ ಇಲ್ಲ.

ಇಳಕಲ್ ಸೀರೆಯ ಸೆರಗಿನ ಮೇಲೆ, ಕರಿಯ ಚಂದ್ರಕಾಳಿಯ ಮೇಲೆ ಗೋಪುರ, ತೇರು, ಆನೆ, ನವಿಲು, ತುಳಸಿಕಟ್ಟೆಗಳನ್ನು ತೆಗೆದ ನಮ್ಮ ಅಜ್ಜಿಯರಿಗೆ ಚೌಕುಳಿ ಬಟ್ಟೆಯೂ ಇರಲಿಲ್ಲ, ಅಚ್ಚಿನ ಗೆರೆಯೂ ಇರಲಿಲ್ಲ. ಸೀರೆಯ ಹಾಸು ಹೊಕ್ಕಿನ ಎಳೆಗಳನ್ನೇ ಕಣ್ಣಿನಲ್ಲಿ ಎಣಿಸಿ ಹೊಲಿಯುತ್ತಿದ್ದರು. ಆ ಕೈ ಎಷ್ಟು ತುಂಡು ಬಟ್ಟೆ ಕೆಡಿಸಿ ಪಳಗಿತೆಂಬುದು ಪೆಟ್ಟಿಗೆಯಲ್ಲಿ ಉಳಿದ ಒಂದು ಚೆಂದದ ಸೀರೆಯನ್ನು ನೋಡಿದರೆ ತಿಳಿಯುವುದಿಲ್ಲ. ಉಳಿದದ್ದು ಸೀರೆ, ಕೆಟ್ಟ ತುಂಡುಗಳು ಒಲೆಯೊರಸಿಗೆ ಹೋದವು. ಇಂದು ಕಸೂತಿಗೆ ಭೌಗೋಳಿಕ ಸೂಚಕದ ಮಾನ್ಯತೆ ದೊರೆತಿದೆಯೆಂದು ನಾವು ಹೆಮ್ಮೆಪಡುತ್ತೇವೆ. ಸಂತೋಷ. ಮಾನ್ಯತೆಯ ಕಾಗದಕ್ಕೆ ಸೂಜಿ ಹಿಡಿಯಲು ಬರುವುದಿಲ್ಲ ಎಂಬುದನ್ನೂ ನೆನಪಿಡಬೇಕು.

ಇಂಗ್ಲೆಂಡಿನಲ್ಲಿ ಕೆಟ್ಟ ತುಂಡುಗಳೂ ಉಳಿದಿವೆ, ಅದು ಅವರ ಭಾಗ್ಯ. ಅಚ್ಚಾದ ಮಾದರಿಗಳು ಸುಲಭವಾಗಿ ಸಿಗದಿದ್ದ ಕಾಲದಲ್ಲಿ ಅಲ್ಲಿನ ಹೆಂಗಸರು ಒಂದು ಬಟ್ಟೆಯ ಮೇಲೆ ಬಗೆಬಗೆಯ ಹೊಲಿಗೆ, ಚಿತ್ರ, ಅಕ್ಷರಗಳನ್ನು ಹಾಕಿ ಅಭ್ಯಾಸಕ್ಕೂ ನೆನಪಿಗೂ ಇಟ್ಟುಕೊಳ್ಳುತ್ತಿದ್ದರು. ಇದೇ ಸ್ಯಾಂಪ್ಲರ್. ಇಸವಿ ಹೊಲಿದಿರುವ ಬ್ರಿಟಿಷ್ ಸ್ಯಾಂಪ್ಲರುಗಳಲ್ಲಿ ಅತ್ಯಂತ ಹಳೆಯದೆಂದು ತಿಳಿದಿರುವುದು ಜೇನ್ ಬೊಸ್ಟಾಕ್ ಎಂಬಾಕೆ 1598ರಲ್ಲಿ ಮುಗಿಸಿದ್ದು. ಲಂಡನ್ನಿನ ವಿಕ್ಟೋರಿಯ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನಲ್ಲಿದೆ. ಎರಡು ವರ್ಷ ಮೊದಲು ಹುಟ್ಟಿದ ಆಲಿಸ್ ಲೀ ಎಂಬ ಮಗುವಿನ ಜನನವನ್ನು ಅದರಲ್ಲಿ ಹೊಲಿದು ಬರೆದಿದ್ದಾಳೆ. ಹೊಲಿದು ಮತ್ತೆ ಬಿಚ್ಚಿದ ಕೆಲವು ಚಿತ್ರಗಳ ಗುರುತು ಆ ಬಟ್ಟೆಯ ಮೇಲೆ ಇಂದಿಗೂ ಕಾಣುತ್ತದೆ. ನಾಲ್ಕು ನೂರು ವರ್ಷಗಳ ಮೇಲೂ ಆ ಬಿಚ್ಚಿದ ಗುರುತನ್ನು ವಿದ್ವಾಂಸರು ಕುತೂಹಲದಿಂದ ನೋಡುತ್ತಾರೆ. ನಮ್ಮ ಸ್ಪರ್ಧೆಗೆ ಬಂದಿದ್ದರೆ ಜೇನಳಿಗೆ ಸಮಾಧಾನಕರ ಬಹುಮಾನವೂ ಸಿಗುತ್ತಿರಲಿಲ್ಲ.

ನಾನು ಓದಿದ್ದು ಬಿ.ಎಸ್‌ಸಿ. ಅಲ್ಲಿ ಲಂಬಕದ ಪ್ರಯೋಗದಿಂದ ಗುರುತ್ವ ವೇಗೋತ್ಕರ್ಷವನ್ನು ಕಂಡುಹಿಡಿಯಬೇಕಿತ್ತು. ಪುಸ್ತಕದಲ್ಲಿ 980 ಎಂದಿದೆಯೆಂದು ಕೆಲವು ಜಾಣರು ಉತ್ತರದಿಂದ ಹಿಂದಕ್ಕೆ ಲೆಕ್ಕ ಹಾಕಿ ಅಳತೆಗಳನ್ನು ಬರೆದು ತರುತ್ತಿದ್ದರು. ನಮ್ಮ ಪ್ರಾಧ್ಯಾಪಕರು 965 ಬಂದ ರೆಕಾರ್ಡಿಗೆ ಸಹಿ ಹಾಕಿ, 980 ಬಂದದ್ದನ್ನು ಕೆಳಗಿಟ್ಟು "ಇನ್ನೊಮ್ಮೆ ನನ್ನೆದುರಿಗೆ ಮಾಡು" ಎನ್ನುತ್ತಿದ್ದರು. ಅಳತೆಯೆಂದ ಮೇಲೆ ದೋಷವಿರಲೇಬೇಕು, ಅದೆಷ್ಟೆಂದು ಹೇಳುವುದೇ ವಿಜ್ಞಾನ ಎಂಬುದು ಅವರ ನಿಲುವು. ಹತ್ತು ವರ್ಷದ ಮಗುವಿನ ಹೆಸರಿನಲ್ಲಿ ಒಂದೇ ಒಂದು ತಪ್ಪಿಲ್ಲದ ಬಟ್ಟೆ ಮೇಜಿಗೆ ಬಂದಾಗ ನಮ್ಮ ತೀರ್ಪುಗಾರರಿಗೆ ಅಂಥ ಸಂಶಯ ಏಕೆ ಹುಟ್ಟುವುದಿಲ್ಲ?

ಕಚೇರಿಯ ಮಾತನ್ನೂ ಹೇಳುತ್ತೇನೆ. ಸರಕಾರಿ ನೌಕರಿಯಲ್ಲಿ ಕೂದಲು ನರೆಸಿಕೊಂಡ ವಾಚಕರಿಗೆ ಇದು ಹೊಸದಲ್ಲ. ಸೇವಾ ಪುಸ್ತಕದಲ್ಲಿ ತಪ್ಪು ನಮೂದು ಬಿದ್ದರೆ ಅದನ್ನು ಉಜ್ಜಿ ಅಳಿಸುವಂತಿಲ್ಲ, ಬಿಳಿಯ ಬಣ್ಣ ಬಳಿಯುವಂತಿಲ್ಲ, ಮೇಲೆಯೇ ತಿದ್ದುವಂತೆಯೂ ಇಲ್ಲ. ಓದಲು ಬರುವಂತೆ ಒಂದು ಗೆರೆ ಎಳೆದು, ಸರಿಯಾದದ್ದನ್ನು ಮೇಲೆ ಬರೆದು, ತಾರೀಖು ಹಾಕಿ ಅಧಿಕಾರಿ ಸಹಿ ಮಾಡಬೇಕು. ತಪ್ಪು ಕಾಣುತ್ತಿರಬೇಕು, ತಿದ್ದಿದ್ದೂ ಕಾಣುತ್ತಿರಬೇಕು. ಕಲ್ಲುಹೃದಯದ್ದೆಂದು ಎಲ್ಲರೂ ಬೈಯುವ ಸರಕಾರ ಗುಮಾಸ್ತರಿಗೆ ಕೊಟ್ಟ ಈ ಸೌಲಭ್ಯವನ್ನು ನಾವು ನಮ್ಮ ಮಕ್ಕಳಿಗೆ ಕೊಡುತ್ತಿಲ್ಲ.

ಹಾಗೆಂದು "ಹೇಗೆ ಹೊಲಿದರೂ ಸರಿ, ಎಲ್ಲರಿಗೂ ಚಪ್ಪಾಳೆ" ಎನ್ನುವ ಈಚಿನ ಪಂಥದವರ ಪರ ನಾನಲ್ಲ. ಬಿಚ್ಚಲೇಬೇಕಾದ ತಪ್ಪುಗಳಿವೆ. ಅಂಚಿನ ಬಳ್ಳಿಯಲ್ಲಿ ಒಂದು ಚೌಕುಳಿ ತಪ್ಪಿದರೆ ನಾಲ್ಕು ಬದಿ ಸುತ್ತಿ ಬಂದಾಗ ತುದಿಗೆ ತುದಿ ಕೂಡುವುದಿಲ್ಲ. ಅದನ್ನು ಕಂಡ ಕ್ಷಣವೇ ಬಿಚ್ಚಬೇಕು, ತಡಮಾಡಿದಷ್ಟೂ ಕಷ್ಟ. ಅದೇ ಒಂದು ಎಲೆಯಲ್ಲಿ ಒಂದು ಚಿಹ್ನೆ ಹೆಚ್ಚಾದರೆ ಎಲೆ ಸ್ವಲ್ಪ ಅಗಲವಾಯಿತು, ಅಷ್ಟೇ. ಯಾವ ಮರದಲ್ಲಿ ಎಲ್ಲ ಎಲೆ ಒಂದೇ ಅಳತೆಗಿವೆ? ಮುಂದಿನ ಕೆಲಸವನ್ನು ಕೆಡಿಸುವ ತಪ್ಪು ಯಾವುದು, ತನ್ನಷ್ಟಕ್ಕೆ ನಿಲ್ಲುವ ತಪ್ಪು ಯಾವುದು ಎಂದು ಗುರುತಿಸುವುದೇ ಈ ವಿದ್ಯೆಯ ಮುಖ್ಯ ಪಾಠ. ಎಲ್ಲವನ್ನೂ ಬಿಚ್ಚಿಸುವ ತಾಯಿಯೂ ಏನನ್ನೂ ಬಿಚ್ಚಿಸದ ತಾಯಿಯೂ ಇದನ್ನು ಕಲಿಸುವುದಿಲ್ಲ. ಪದೇಪದೇ ಬಿಚ್ಚಿದರೆ ಬಟ್ಟೆಯ ನೂಲೂ ಸವೆಯುತ್ತದೆ ಎಂಬುದು ಬೇರೆ.

ಪಾರಸೀ ದೇಶದ ರತ್ನಗಂಬಳಿಯವರು ಪರಿಪೂರ್ಣತೆ ದೇವರಿಗೆ ಮಾತ್ರ ಸಲ್ಲುವುದೆಂದು ಬೇಕೆಂದೇ ಒಂದು ತಪ್ಪು ನೇಯುತ್ತಾರೆಂಬ ಕಥೆಯನ್ನು ಸಭೆಗಳಲ್ಲಿ ಹೇಳುವುದುಂಟು. ಕಥೆ ಸೊಗಸಾಗಿದೆ, ಆದರೆ ಅದರಲ್ಲಿ ಎಷ್ಟು ಅಹಂಕಾರವಿದೆ ನೋಡಿ! ಬೇಕೆಂದು ಮಾಡದಿದ್ದರೆ ತಪ್ಪೇ ಆಗುತ್ತಿರಲಿಲ್ಲವೇನು? ನಮ್ಮ ಮಕ್ಕಳಿಗೆ ಆ ತೊಂದರೆಯಿಲ್ಲ.

ಇನ್ನೊಂದು ಅಪರಾಧ ದೊಡ್ಡವರದೇ: ಮೊದಲ ಬಾರಿಗೆ ಸೂಜಿ ಹಿಡಿದವರ ಕೈಗೆ ದೊಡ್ಡ ಚಿತ್ರವನ್ನು ಕೊಡುವುದು. ಮೊಬೈಲಿನಲ್ಲಿ ರಾಧಾಕೃಷ್ಣರ ಕಣ್ಣು ಕೋರೈಸುವ ಚಿತ್ರ ನೋಡಿ, ಅದರ ಕಿಟ್ ತರಿಸಿ ಮಗುವಿನ ಮುಂದೆ ಹರವುತ್ತಾರೆ. ಲೆಕ್ಕ ಹಾಕಿ ನೋಡೋಣ. ಅಗಲಕ್ಕೆ 200, ಎತ್ತರಕ್ಕೆ 200 ಚೌಕುಳಿ ತುಂಬಿದ ಚಿತ್ರವೆಂದರೆ 40,000 ಚಿಹ್ನೆ. ಪಳಗಿದ ಕೈ ಗಂಟೆಗೆ 100 ಹಾಕುತ್ತದೆಂದು ಹಿಡಿದರೂ 400 ಗಂಟೆ ಬೇಕು. ದಿನಕ್ಕೊಂದು ಗಂಟೆಯಂತೆ ಒಂದು ವರ್ಷ ದಾಟಿತು. ಯಾವ ಮಗು ಕಾದೀತು? ಅದೇ 30ಕ್ಕೆ 30ರ ಒಂದು ತುಳಸಿಕಟ್ಟೆಯನ್ನೋ ಆನೆಯನ್ನೋ ಕೊಡಿ. ಪೂರ್ತಿ ತುಂಬಿದರೂ 900 ಚಿಹ್ನೆ, 14 ಕೌಂಟ್ ಬಟ್ಟೆಯಲ್ಲಿ ಎರಡು ಇಂಚಿಗಿಂತ ತುಸು ಹೆಚ್ಚು. ಎರಡು ಮೂರು ವಾರದಲ್ಲಿ ಮುಗಿಯುತ್ತದೆ. ಬಟ್ಟೆಯನ್ನು ಎರಡು ಸಲ ಮಡಿಸಿ ನಡುವನ್ನು ಗುರುತಿಸಿ ಅಲ್ಲಿಂದ ಶುರುಮಾಡಿಸಿ, ಮೊಂಡು ತುದಿಯ ಸೂಜಿ ಕೊಡಿ, ಮಲಗುವ ಮುನ್ನ ಬಟ್ಟೆಯನ್ನು ರಿಂಗಿನಿಂದ ತೆಗೆಯಲು ಹೇಳಿ. ಮುಗಿದದ್ದರಲ್ಲಿ ಹತ್ತು ತಪ್ಪಿದ್ದರೂ ಅದು ಮುಗಿದ ಕೆಲಸ. ಅರ್ಧಕ್ಕೆ ನಿಂತ ರಾಧಾಕೃಷ್ಣರು ಎಷ್ಟು ಮನೆಗಳ ಕಪಾಟಿನಲ್ಲಿ ಮುಖವಿಲ್ಲದೆ ಕುಳಿತಿದ್ದಾರೆಂದು ಸಂಘದವರು ಜನಗಣತಿ ನಡೆಸಬಹುದು.

ಈಗ ಕನ್ನಡದ ಮಾತು. ಇಲ್ಲಿ ಹುಟ್ಟಿ ಬೆಳೆದ ನಮ್ಮ ಮಕ್ಕಳು "ನನಗೆ ಹಸಿವು ಲಾಗಿದೆ" ಎನ್ನುತ್ತಾರೆ, "ಅಜ್ಜಿ ಬಂದ" ಎನ್ನುತ್ತಾರೆ. ಊರಿಗೆ ಹೋದಾಗ ಚಿಕ್ಕಪ್ಪ, ಸೋದರತ್ತೆ, ಮನೆಯಾಳು, ಎಲ್ಲರೂ ನಗುತ್ತಾರೆ. "ಇನ್ನೊಮ್ಮೆ ಹೇಳು ಪುಟ್ಟಾ" ಎಂದು ನೆರೆಮನೆಯವರನ್ನು ಕರೆದು ಹೇಳಿಸುತ್ತಾರೆ. ನಗುವವರ ಮನಸ್ಸಿನಲ್ಲಿ ಪ್ರೀತಿಯೇ ಇರಬಹುದು. ಮಗುವಿಗೆ ಕೇಳಿಸುವುದು ನಗು ಮಾತ್ರ. ರಜೆ ಮುಗಿಸಿ ಬಂದ ಮೇಲೆ ಅದು ಹಿಂದಿಯಲ್ಲಿ ಹಸಿವೆನ್ನುತ್ತದೆ, ಆಮೇಲೆ ಇಂಗ್ಲಿಷಿನಲ್ಲಿ. ಹದಿನೈದು ವರ್ಷದವರಾದಾಗ "ಕನ್ನಡ ಅರ್ಥವಾಗುತ್ತದೆ, ಮಾತಾಡಲು ಬರುವುದಿಲ್ಲ" ಎಂಬ ವರ್ಗಕ್ಕೆ ಸೇರುತ್ತಾರೆ. ಅವರಿಗೆ ಬರುವುದಿಲ್ಲವೆಂದಲ್ಲ, ತಪ್ಪಾಗಿ ಮಾತಾಡುವ ಸಲಿಗೆಯನ್ನು ನಾವು ಕೊಡಲಿಲ್ಲ. ಸೂಜಿಯಲ್ಲಿ ಮಾಡಿದ್ದನ್ನೇ ನಾಲಗೆಯಲ್ಲೂ ಮಾಡಿದೆವು: ಹಿಂಬದಿ ತಿರುವಿ ನೋಡಿದೆವು.

ನಮ್ಮ ಕಟ್ಟಡದಲ್ಲಿ ಹುಬ್ಬಳ್ಳಿಯ ಕಡೆಯ ಒಬ್ಬ ತಾಯಿ ತನ್ನ ಮಗಳ ಮೊದಲ ಕಸೂತಿಯನ್ನು ತೋರಿಸುವಾಗ "ಅಕ್ಕಾರ, ಹಿಂದಿನ ಬಾಜೂ ಮಾತ್ರ ನೋಡಬ್ಯಾಡ್ರಿ" ಎಂದು ಬಟ್ಟೆಯನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡೇ ತೋರಿಸಿದರು. ಬಟ್ಟೆಯ ಮೇಲಿದ್ದದ್ದು ಒಂದು ನವಿಲು, ಕುತ್ತಿಗೆ ಸ್ವಲ್ಪ ಗಿಡ್ಡ. ಹುಡುಗಿ ಬಾಗಿಲ ಹಿಂದೆ ನಿಂತಿದ್ದಳು. ಅವಳ ಹಿಂದಿನ ವರ್ಷದ ಬಟ್ಟೆ ಒಂದು ಸ್ಪರ್ಧೆಯಿಂದ ಮರಳಿ ಬಂದದ್ದನ್ನು ಆಮೇಲೆ ಕೇಳಿದೆ. ಎರಡನೆಯ ಬಟ್ಟೆಯನ್ನು ಅವಳು ಈವರೆಗೆ ಶುರುಮಾಡಿಲ್ಲ.

ಆದ್ದರಿಂದ ಈ ರಾಜ್ಯೋತ್ಸವದ ಕೈಕೆಲಸದ ಪ್ರದರ್ಶನದಲ್ಲಿ ಒಂದು ಬೇರೆ ಮೇಜು ಇಡಬೇಕೆಂದು ಕಾರ್ಯಕಾರಿ ಸಮಿತಿಗೆ ಲಿಖಿತವಾಗಿ ಸೂಚಿಸಿದ್ದೇನೆ. ಹೆಸರು "ಮೊದಲ ಬಟ್ಟೆ". ಹೊಲಿದವರು ಬಟ್ಟೆಯ ಮೂಲೆಯಲ್ಲಿ ತಮ್ಮ ಹೆಸರನ್ನೂ ವಯಸ್ಸನ್ನೂ ಕನ್ನಡದಲ್ಲಿಯೇ ಹೊಲಿದಿರಬೇಕು. ಒತ್ತು ತಪ್ಪಿದ್ದರೂ ನಡೆಯುತ್ತದೆ. ಅಂಕವಿಲ್ಲ, ಬಹುಮಾನವಿಲ್ಲ, ತೀರ್ಪುಗಾರರಿಲ್ಲ. 30 ಚೌಕುಳಿಗಿಂತ ದೊಡ್ಡ ಚಿತ್ರಕ್ಕೆ ಪ್ರವೇಶವಿಲ್ಲ. ವಯಸ್ಸಿನ ಮಿತಿಯಿಲ್ಲದ್ದರಿಂದ ನಿವೃತ್ತರಾದ ಗಂಡಸರೂ ತರಬಹುದು. ಬಟ್ಟೆಗಳನ್ನು ಹಿಂಬದಿಯೂ ಕಾಣುವಂತೆ ಹಗ್ಗಕ್ಕೆ ತೂಗುಹಾಕಬೇಕು, ಮಗುಚಿ ನೋಡುವವರಿಗೆ ಶ್ರಮ ತಪ್ಪುತ್ತದೆ. ಬಟ್ಟೆ, ದಾರ, ಸೂಜಿಯ ವೆಚ್ಚವನ್ನು ಮೊದಲ ಇಪ್ಪತ್ತು ಮಂದಿಗೆ ನಾನೂ ನನ್ನ ಇಬ್ಬರು ಗೆಳತಿಯರೂ ಕೊಡುತ್ತೇವೆ. ಸಮಿತಿಯಿಂದ ಈವರೆಗೆ ಉತ್ತರ ಬಂದಿಲ್ಲ. ಈ ಸೂಚನೆಗೆ ವಿರೋಧವಿರುವ ಹಿರಿಯರು ಮುಂದಿನ ಸಂಚಿಕೆಯಲ್ಲಿ ಬರೆಯಲಿ, ಸಂಪಾದಕರು ಜಾಗ ಕೊಡುವರೆಂದು ನಂಬಿದ್ದೇನೆ.