ತಲುಪಿದಾಗಲೇ ಶಾಸ್ತ್ರದಾನ

ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದುದನ್ನು ಕನ್ನಡನಾಡು ಇಂದಿಗೂ ನೆನೆಯುತ್ತದೆ. ಆ ದಾನದ ಹಿರಿಮೆ ಬರೆಯಿಸಿದುದರಲ್ಲಿ ಎಷ್ಟೋ, ಓದುಗರ ಕೈಸೇರಿಸಿದುದರಲ್ಲಿಯೂ ಅಷ್ಟೇ. ಇಂದಿನ ಹವ್ಯಾಸಿ ಮಿಂಚಂಚೆ ಬಳಗಗಳು ಮರೆಯುವುದು ಈ ಎರಡನೆಯ ಮಾತನ್ನು.

ಚಾಮರಾಜನಗರದಲ್ಲಿ ಹೊಯ್ಸಳ ದಂಡನಾಯಕ ಪುಣಿಸಮಯ್ಯನು 1117ರಲ್ಲಿ ಕಟ್ಟಿಸಿದ ಪಾರ್ಶ್ವನಾಥ ಬಸದಿಯಿದೆ. ಸಮೀಪದ ಮಲೆಯೂರಿನಲ್ಲಿ ಕನಕಗಿರಿಯಿದೆ. ಗುಂಡ್ಲುಪೇಟೆ ತಾಲ್ಲೂಕಿನ ತೆರಕಣಾಂಬಿ ಕವಿ ಬೊಮ್ಮರಸನ ಊರು. ಇಲ್ಲಿನ ಶಾಸನ, ಹಸ್ತಪ್ರತಿಗಳ ಕುರಿತ ಟಿಪ್ಪಣಿಯನ್ನು ಆಸಕ್ತರೊಬ್ಬರು ಸ್ವಂತ ಖಾತೆಯಿಂದ ನೂರಾರು ಮಂದಿಗೆ ಒಮ್ಮೆಲೇ ಕಳುಹಿಸಿದರೆ, ಅದು ಎಷ್ಟೋ ಮಂದಿಯ ಸ್ಪ್ಯಾಮ್ ಪೆಟ್ಟಿಗೆಯಲ್ಲಿ ಸದ್ದಿಲ್ಲದೆ ಬಿದ್ದಿರಬಹುದು. ಉತ್ತರ ಬಾರದುದನ್ನು ಓದುಗರ ಅನಾಸಕ್ತಿಯೆಂದು ಬಗೆಯುವುದು ಅನ್ಯಾಯ.

ಜಿಮೇಲ್‌ನ ಉಚಿತ ಖಾತೆಗೆ ದಿನವೊಂದಕ್ಕೆ 500 ಮಂದಿಯ ಮಿತಿಯಿದೆ. 2024ರ ಫೆಬ್ರವರಿಯಿಂದ ಗೂಗಲ್ ಮತ್ತು ಯಾಹೂ ಕಳುಹಿಸುವವರ ದೃಢೀಕರಣದ ನಿಯಮಗಳನ್ನು ಬಿಗಿಗೊಳಿಸಿವೆ. ಬಳಕೆಯಲ್ಲಿಲ್ಲದ ವಿಳಾಸಗಳಿಗೆ ಮತ್ತೆ ಮತ್ತೆ ಕಳುಹಿಸುತ್ತಿದ್ದರೆ ಕಳುಹಿಸುವವರ ವಿಶ್ವಾಸಾರ್ಹತೆ ಕುಗ್ಗಿ, ಸರಿಯಾದ ವಿಳಾಸಗಳಿಗೂ ಪತ್ರ ತಲುಪದಂತಾಗುತ್ತದೆ.

ಆದುದರಿಂದ ಬಳಗಕ್ಕೆಂದೇ ಪ್ರತ್ಯೇಕ ಖಾತೆಯಿರಬೇಕು. ಅದರ ಗುಪ್ತಪದ ಇಬ್ಬರಿಗಾದರೂ ತಿಳಿದಿರಬೇಕು. ಮರಳಿ ಬಂದ ವಿಳಾಸಗಳನ್ನು ತಿಂಗಳಿಗೊಮ್ಮೆ ಪಟ್ಟಿಯಿಂದ ತೆಗೆಯಬೇಕು; ಬಳಗದ ವಿಳಾಸವನ್ನು ಸಂಪರ್ಕಪಟ್ಟಿಗೆ ಸೇರಿಸಿಕೊಳ್ಳುವಂತೆ ಸದಸ್ಯರನ್ನು ಕೋರಬೇಕು. ಬರೆಹಗಳ ಪ್ರತಿಯನ್ನು ಬೇರೆಡೆಯೂ ಕಾಪಿಡಬೇಕು. ಯಾಹೂ ಗ್ರೂಪ್ಸ್‌ನಂತಹ ದೊಡ್ಡ ನೆಲೆಯೇ 2020ರ ಡಿಸೆಂಬರಿನಲ್ಲಿ ಮುಚ್ಚಿಹೋಯಿತು.

ಓಲೆಗರಿಗೆ ಎಣ್ಣೆ ಸವರಿ, ಕಟ್ಟು ಬಿಗಿದು ಕಾಯ್ದವರ ಹೆಸರು ಹಲವೆಡೆ ಉಳಿದಿಲ್ಲ. ಅವರ ದುಡಿಮೆಯಿಂದ ಕಾವ್ಯ ಉಳಿಯಿತು. ಪಟ್ಟಿ ಕಾಯುವವರ ಕೆಲಸವೂ ಅದೇ ಸಾಲಿನದು.